ಮಾರ್ಚ್ ಬಿಸಿಲು, ಸಡಿಲ ಹಿಮ

ಚಳಿಗಾಲ ಕಳೆದು ಆಕಾಶ ತಿಳಿಯಾದರೆ ಹಿಮಾಲಯ ಏರುವುದು ಸಲೀಸು ಎಂಬ ನಂಬಿಕೆ ಚಾರಣಿಗರಲ್ಲಿದೆ. ಆದರೆ ಮಾರ್ಚ್–ಏಪ್ರಿಲ್‌ನ ಹಿಮ ಬೆಳಿಗ್ಗೆ ಇದ್ದಂತೆ ಮಧ್ಯಾಹ್ನ ಇರುವುದಿಲ್ಲ. ಅದು ಯಾವಾಗ ಗಟ್ಟಿ, ಯಾವಾಗ ಸಡಿಲ ಎಂದು ಗುರುತಿಸುವ ವಿದ್ಯೆ ಹಿಮದ ಮೇಲೆ ಕಾಲಿಡುವ ಪ್ರತಿಯೊಬ್ಬರಿಗೂ ಬೇಕು.

2025ರ ಫೆಬ್ರುವರಿ 27ರ ಗುರುವಾರ ಸಂಜೆ ಚಂಡೀಗಢದಿಂದ ಒಂದು ಎಚ್ಚರಿಕೆ ಹೊರಬಿತ್ತು. ಉತ್ತರಾಖಂಡದ ಚಮೋಲಿ, ಉತ್ತರಕಾಶಿ, ರುದ್ರಪ್ರಯಾಗ, ಪಿಥೋರಾಗಢ, ಬಾಗೇಶ್ವರ ಜಿಲ್ಲೆಗಳಲ್ಲಿ 2,400 ಮೀಟರಿಗಿಂತ ಎತ್ತರದ ಕಡೆ ಮುಂದಿನ 24 ಗಂಟೆಗಳಲ್ಲಿ ಹಿಮ ಕುಸಿಯುವ ಸಂಭವವಿದೆ ಎಂಬುದು ಅದರ ಸಾರ. ಮರುದಿನ ಬೆಳಿಗ್ಗೆ ಬದರೀನಾಥ ಮತ್ತು ಮಾಣಾ ಗ್ರಾಮದ ನಡುವೆ ಇದ್ದ ಗಡಿ ರಸ್ತೆ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿಯಿತು. ಕಬ್ಬಿಣದ ಕಂಟೇನರ್‌ಗಳಲ್ಲಿ ವಾಸವಿದ್ದ 54 ಕಾರ್ಮಿಕರು ಅದರಡಿ ಸಿಕ್ಕಿಕೊಂಡರು. ಸೇನೆ ಮತ್ತು ಐಟಿಬಿಪಿ ಯೋಧರು ಮೂರು ದಿನ ಹಿಮ ಅಗೆದರು. 46 ಮಂದಿ ಬದುಕಿ ಬಂದರು, 8 ಮಂದಿ ಉಳಿಯಲಿಲ್ಲ.

ಮುನ್ಸೂಚನೆ ಸುಳ್ಳಾಗಲಿಲ್ಲ. ಆದರೆ ಐದು ಜಿಲ್ಲೆಗಳಿಗೆ ಅನ್ವಯಿಸುವಂತೆ ಹೇಳಿದ ಮಾತು ಯಾವ ಇಳಿಜಾರು ಯಾವ ಹೊತ್ತಿಗೆ ಜಾರುತ್ತದೆ ಎಂದು ಹೇಳಲಾರದು. ಆ ಕೊನೆಯ ಲೆಕ್ಕವನ್ನು ಸ್ಥಳದಲ್ಲಿ ನಿಂತವರೇ ಹಾಕಬೇಕು. ಹಿಮಕುಸಿತವನ್ನು ಹೇಳದೆ ಕೇಳದೆ ಬಂದೆರಗುವ ವಿಧಿಯೆಂದು ನಾವು ಬಯಲುಸೀಮೆಯವರು ಭಾವಿಸಿದ್ದೇವೆ. ಬೆಟ್ಟದವರ ಅನುಭವ ಬೇರೆ. ಅವರ ಪಾಲಿಗೆ ಅದಕ್ಕೊಂದು ಜಾಗವಿದೆ, ಒಂದು ಹೊತ್ತಿದೆ, ಮುಂಚಿತವಾಗಿ ಕಾಣುವ ಲಕ್ಷಣಗಳಿವೆ.

ಜಾರುವ ಕೋನ

ಮೊದಲು ನೋಡಬೇಕಾದದ್ದು ಹಿಮವನ್ನಲ್ಲ, ನೆಲದ ಓರೆಯನ್ನು. ದೊಡ್ಡ ಹಿಮಕುಸಿತಗಳಲ್ಲಿ ಬಹುಪಾಲು ಶುರುವಾಗುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ. ಅದಕ್ಕಿಂತ ಕಡಿದಾದಲ್ಲಿ ಹಿಮ ಹೆಚ್ಚು ನಿಲ್ಲುವುದಿಲ್ಲ, ಆಗಾಗ ತಾನೇ ಉದುರಿ ಹಗುರಾಗುತ್ತದೆ. 25 ಡಿಗ್ರಿಗಿಂತ ಕಡಿಮೆ ಇದ್ದಲ್ಲಿ ಸಾಮಾನ್ಯವಾಗಿ ಜಾರುವುದಿಲ್ಲ. ದುರದೃಷ್ಟವೆಂದರೆ, ಸ್ಕೀ ಮಾಡುವವರಿಗೆ ಬಲು ಇಷ್ಟವಾಗುವ, ಚಾರಣಿಗರಿಗೆ ‘ಏರಬಹುದು’ ಎನ್ನಿಸುವ ಇಳಿಜಾರೂ ಇದೇ ಅಳತೆಯದು. ಓರೆ ಅಳೆಯಲು ಕ್ಲೈನೋಮೀಟರ್ ಎಂಬ ಸಣ್ಣ ಸಾಧನವಿದೆ. ಈಗ ಮೊಬೈಲ್ ಆ್ಯಪ್‌ಗಳೂ ಆ ಕೆಲಸ ಮಾಡುತ್ತವೆ. ಕಣ್ಣಂದಾಜು ಮಾತ್ರ ಸಾಲದು. ಕೆಳಗೆ ನಿಂತು ನೋಡಿದಾಗ ಒಂದು ಓರೆ, ಮೇಲಿನಿಂದ ನೋಡಿದಾಗ ಇನ್ನೊಂದು ಓರೆ ಕಂಡು ಮೋಸ ಹೋಗುತ್ತೇವೆ.

ನಾವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಕು ಎಂಬುದೂ ಭ್ರಮೆ. ಮೇಲೆಲ್ಲೋ ಕಡಿದಾದ ಕಡೆ ಶುರುವಾದ ಕುಸಿತ ಕೊರಕಲಿನಗುಂಟ ಇಳಿದು, ನಾಲಾದ ಬಾಯಲ್ಲಿ ಹರಡಿ, ಎದುರು ದಡದವರೆಗೂ ಬರಬಲ್ಲದು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 1979ರ ಮಾರ್ಚ್‌ನಲ್ಲಿ ಸಾಲುಸಾಲಾಗಿ ಹಿಮ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಶಿಖರಗಳ ಮೇಲಲ್ಲ, ಕಣಿವೆಯ ಊರುಗಳಲ್ಲಿ.

ಹಾಗಾಗಿ ಬಲ್ಲ ಗೈಡ್ ಮೊದಲು ತಲೆಯೆತ್ತಿ ನೋಡುತ್ತಾನೆ. ಮೇಲಿರುವುದು ಏಣೋ, ಬೋಗುಣಿ ಆಕಾರದ ತಗ್ಗೋ? ದಟ್ಟ ಕಾಡಿನ ನಡುವೆ ಮರವೇ ಇಲ್ಲದ ಪಟ್ಟೆಯೊಂದು ಮೇಲಿನಿಂದ ಕೆಳಗೆ ಇಳಿದಿದೆಯೇ? ಅಂಥ ಪಟ್ಟೆ ಇದ್ದರೆ ಅದು ಹಿಂದೆ ಹಿಮ ಜಾರಿದ ಹಾದಿ. ಅಲ್ಲಿ ಟೆಂಟ್ ಹೊಡೆಯುವುದಿರಲಿ, ಫೋಟೊಗೆಂದು ನಿಲ್ಲುವುದೂ ಸಲ್ಲದು.

ಅಡಿಯಲ್ಲಿ ಅಡಗಿದ ಚಳಿಗಾಲ

ಇಳಿಜಾರಿನ ಹಿಮ ಒಂದೇ ರಾಶಿಯಲ್ಲ, ನವೆಂಬರ್‌ನಿಂದ ಒಂದರ ಮೇಲೊಂದು ಕೂತ ಪದರಗಳು. ನಮ್ಮ ವಾಯವ್ಯ ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಅಲೆ ಅಲೆಯಾಗಿ ಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ ವ್ಯವಸ್ಥೆಗಳು. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಒಣಹವೆ, ಬಿಸಿಲು, ಕಡು ಚಳಿಯ ರಾತ್ರಿಗಳು. ಆ ಬಿಡುವಿನಲ್ಲಿ ಹಿಮದ ಕಣಗಳ ರೂಪವೇ ಬದಲಾಗುತ್ತದೆ.

ಹಿಮದ ತಳದಲ್ಲಿ ನೆಲದ ಉಷ್ಣತೆ ಸುಮಾರು ಸೊನ್ನೆ ಡಿಗ್ರಿ, ಮೇಲ್ಮೈಯಲ್ಲಿ ಮೈನಸ್ ಹದಿನೈದೋ ಇಪ್ಪತ್ತೋ. ನಡುವಿನ ಹಿಮ ತೆಳುವಾಗಿದ್ದರೆ ಆವಿ ಕೆಳಗಿನಿಂದ ಮೇಲಕ್ಕೆ ಚಲಿಸುತ್ತದೆ. ಕಣಗಳು ಒಂದಕ್ಕೊಂದು ಅಂಟುವ ಗುಣ ಕಳೆದುಕೊಂಡು ದಪ್ಪ ಸಕ್ಕರೆಯ ಹಾಗೆ ಬಿಡಿಬಿಡಿ ಹರಳಾಗುತ್ತವೆ. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚು ಉಷ್ಣತೆಯ ಅಂತರವಿದ್ದರೆ ಈ ಕ್ರಿಯೆ ಜೋರಾಗುತ್ತದೆ ಎಂಬುದು ಹಿಮ ವಿಜ್ಞಾನಿಗಳ ಸ್ಥೂಲ ಲೆಕ್ಕ. ಹಿಮ ಕಡಿಮೆ, ಚಳಿ ಹೆಚ್ಚು ಇರುವ ಲಡಾಖ್, ಕಾರಕೋರಂ ಕಡೆ ಇದು ಸಾಮಾನ್ಯ. ಇಂಥ ಹರಳಿನ ಪದರದ ಮೇಲೆ ಹೊಸ ಹಿಮ ಗಟ್ಟಿ ಚಪ್ಪಡಿಯಾಗಿ ಕೂತರೆ, ಒಬ್ಬ ಮನುಷ್ಯನ ಭಾರಕ್ಕೆ ಕೆಳಪದರ ಕುಸಿದು ಇಡೀ ಚಪ್ಪಡಿ ಒಮ್ಮೆಲೇ ಜಾರಬಹುದು. ಸ್ಕೀ, ಚಾರಣಕ್ಕೆಂದು ಹೋದವರ ಪ್ರಾಣ ತೆಗೆದ ಹಿಮಕುಸಿತಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತನ್ನು ಎಬ್ಬಿಸಿದ್ದು ಸಿಕ್ಕಿಬಿದ್ದವರೇ ಅಥವಾ ಅವರ ಜೊತೆಗಾರರೇ. ವಿಧಿ ಎನ್ನುವ ಮುನ್ನ ಈ ಲೆಕ್ಕ ನೆನಪಿರಲಿ.

ಗಾಳಿಯದು ಇನ್ನೊಂದು ಕೈವಾಡ. ಒಂದು ಹಿಡಿ ಹಿಮ ಸುರಿಯದಿದ್ದರೂ ಗಾಳಿ ಏಣಿನ ಒಂದು ಮಗ್ಗುಲಿನ ಹಿಮವನ್ನು ಕೆರೆದು ಇನ್ನೊಂದು ಮಗ್ಗುಲಿನ ಗಾಳಿಮರೆಯಲ್ಲಿ ಪೇರಿಸಿ ಗಟ್ಟಿ ಚಪ್ಪಡಿ ಮಾಡಿಬಿಡುತ್ತದೆ. ಏಣಿನ ತುದಿಯಿಂದ ಹೊರಚಾಚಿದ ಹಿಮದ ಸೂರು ಕಂಡರೆ, ಅದರ ಕೆಳಗಿನ ಇಳಿಜಾರು ತುಂಬಿ ಕೂತಿದೆ ಎಂದೇ ಅರ್ಥ.

ಸೂರ್ಯನ ಲೆಕ್ಕ

ಮಾರ್ಚ್ ಬರುತ್ತಿದ್ದಂತೆ ಈ ಹಳೆಯ ಪದರಗಳಿಗೆ ನೀರು ಇಳಿಯತೊಡಗುತ್ತದೆ. ವಸಂತದ ಅಪಾಯದ ಗುಟ್ಟು ಇಲ್ಲಿದೆ. ಮೇಲ್ಮೈ ಕರಗಿ ಇಳಿದ ನೀರು ಕಣಗಳ ನಡುವಿನ ಬೆಸುಗೆಯನ್ನು ಬಿಡಿಸುತ್ತದೆ, ಯಾವುದೋ ಗಟ್ಟಿ ಪದರದ ಮೇಲೆ ನಿಂತು ಅಲ್ಲಿ ಜಾರುಮೈ ಮಾಡುತ್ತದೆ. ಚಳಿಗಾಲದ ಒಣಹಿಮಕ್ಕೆ ಮೊದಲ ಬಾರಿ ನೀರು ತಗುಲುವ ದಿನಗಳು ಅತ್ಯಂತ ಅಪಾಯದವು. ಹಲವು ಬಾರಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಮೇಲೆ ಅದೇ ಹಿಮ, ಬೆಳಗಿನ ಹೊತ್ತು, ಕಲ್ಲಿನಷ್ಟು ಭದ್ರ.

ಎಲ್ಲವೂ ನಿಂತಿರುವುದು ಹಿಂದಿನ ರಾತ್ರಿಯ ಮೇಲೆ. ಆಕಾಶ ಶುಭ್ರವಾಗಿದ್ದರೆ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಮೇಲಿದ್ದರೂ ಮೇಲ್ಮೈ ಹೆಪ್ಪುಗಟ್ಟುತ್ತದೆ. ಮೋಡ ಕವಿದರೆ ಶಾಖ ಅಲ್ಲಿಯೇ ಉಳಿದು ಹೆಪ್ಪು ಕೂಡುವುದಿಲ್ಲ. ರಾತ್ರಿ ಬೆಚ್ಚಗಿತ್ತು, ಹಾಯಾಗಿ ನಿದ್ದೆ ಬಂತು ಎಂದು ಚಾರಣಿಗ ಖುಷಿಪಟ್ಟರೆ, ಅನುಭವಿ ಗೈಡ್ ಮುಖ ಸಿಂಡರಿಸುತ್ತಾನೆ.

ಬೆಳಗಾದ ಮೇಲೆ ಬಿಸಿಲು ಯಾವ ಮಗ್ಗುಲಿಗೆ ಮೊದಲು ಬೀಳುತ್ತದೆ ಎಂಬುದೇ ವೇಳಾಪಟ್ಟಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲಾಗುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನದ ನಂತರ ಪಶ್ಚಿಮದ್ದು. ಉತ್ತರದ ಮಗ್ಗುಲು ತಂಪಾಗಿಯೇ ಇದ್ದು ಒಣಹಿಮ ಉಳಿಸಿಕೊಳ್ಳುತ್ತದೆ. ಅಲ್ಲಿ ಬಿಸಿಲಿನ ಕಾಟವಿಲ್ಲ, ಆದರೆ ಚಳಿಗಾಲದ ಹರಳಿನ ಪದರ ಇನ್ನೂ ಜೀವಂತವಾಗಿರುತ್ತದೆ.

ಯುರೋಪಿನ ಆಲ್ಪ್ಸ್ ಪರ್ವತಗಳಿಗೆ ಬರೆದ ಕೈಪಿಡಿಗಳ ಗಂಟೆಗಳನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆಲ್ಪ್ಸ್ ಇರುವುದು ಸುಮಾರು 46 ಡಿಗ್ರಿ ಅಕ್ಷಾಂಶದಲ್ಲಿ, ಕಾಶ್ಮೀರದ ಗುಲ್ಮಾರ್ಗ್ ಸುಮಾರು 34ರಲ್ಲಿ. ಮಾರ್ಚ್ 21ರ ಹೊತ್ತಿಗೆ ನಡುಹಗಲಿನ ಸೂರ್ಯ ಆಲ್ಪ್ಸ್‌ನಲ್ಲಿ ದಿಗಂತದಿಂದ 44 ಡಿಗ್ರಿ ಎತ್ತರದಲ್ಲಿದ್ದರೆ ಗುಲ್ಮಾರ್ಗ್‌ನಲ್ಲಿ 56 ಡಿಗ್ರಿ. ಅಂದರೆ ದಕ್ಷಿಣಕ್ಕೆ ಮುಖ ಮಾಡಿ 34 ಡಿಗ್ರಿ ಓರೆಯಿರುವ ಇಳಿಜಾರಿಗೆ ಆ ದಿನ ಬಿಸಿಲು ನೆಟ್ಟಗೆ ಲಂಬವಾಗಿ ಬೀಳುತ್ತದೆ. ಹಿಮ ಸುಲಭವಾಗಿ ಜಾರುವ ಕೋನವೂ ಅದರ ಆಸುಪಾಸಿನದೇ. ಮೇಲಾಗಿ, ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ವಾಪಸ್ ಚಿಮ್ಮಿಸಿದರೆ, ಹಳೆಯ ಒದ್ದೆಹಿಮ ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ಒಮ್ಮೆ ಒದ್ದೆಯಾಗತೊಡಗಿತೆಂದರೆ ಮುಂದಿನದು ಬೇಗ ಬೇಗ ಆಗುತ್ತದೆ.

ಗಡಿಯಾರದ ಇನ್ನೊಂದು ತೊಡಕೂ ಇದೆ. ಗುಲ್ಮಾರ್ಗ್ ಭಾರತೀಯ ಕಾಲಮಾನದ ರೇಖೆಯಿಂದ ಎಂಟು ಡಿಗ್ರಿ ಪಶ್ಚಿಮಕ್ಕಿದೆ. ಸೂರ್ಯ ಅಲ್ಲಿ ನೆತ್ತಿಗೆ ಬರುವುದು ಹನ್ನೆರಡೂವರೆ ದಾಟಿದ ಮೇಲೆ. ಹಾಗಾಗಿ ‘ಹನ್ನೆರಡಕ್ಕೆ ಇಳಿದುಬಿಡಿ’ ಎಂಬಂಥ ಸೂತ್ರಕ್ಕಿಂತ, ಈ ಇಳಿಜಾರಿಗೆ ಬಿಸಿಲು ಬಿದ್ದು ಎಷ್ಟು ಹೊತ್ತಾಯಿತು ಎಂದು ಕೇಳುವುದು ಲೇಸು.

ಅಟಲ್ ಸುರಂಗ 2020ರಲ್ಲಿ ತೆರೆಯುವ ಮುನ್ನ ಲಾಹೌಲಿನ ಜನ ಚಳಿಗಾಲ ಮುಗಿಯುವ ಹೊತ್ತಿಗೆ 3,978 ಮೀಟರ್ ಎತ್ತರದ ರೋಹ್ತಾಂಗ್ ಪಾಸ್ ಅನ್ನು ನಡೆದೇ ದಾಟುತ್ತಿದ್ದರು. ಅವರಿಗಾಗಿ ಈಚೆ ಮಢಿಯಲ್ಲೂ ಆಚೆ ಕೋಕ್ಸರ್‌ನಲ್ಲೂ ರಕ್ಷಣಾ ಠಾಣೆಗಳಿರುತ್ತಿದ್ದವು. ಹೊರಡುತ್ತಿದ್ದುದು ಕತ್ತಲಲ್ಲೇ. ಹಿಮ ಹೆಪ್ಪಾಗಿರುವಾಗಲೇ ಕೊರಕಲುಗಳನ್ನು ಹಿಂದೆ ಹಾಕಬೇಕೆಂಬ ಲೆಕ್ಕ ಅದು.

ಈ ಲೆಕ್ಕ ಗೊತ್ತಿಲ್ಲದ ಪ್ರವಾಸಿಗರ ಕಥೆ ಸಿಕ್ಕಿಂನದು. 2023ರ ಏಪ್ರಿಲ್ 4ರಂದು ಗ್ಯಾಂಗ್ಟಾಕ್‌ನಿಂದ ನಾಥು ಲಾಕ್ಕೆ ಹೋಗುವ ಜವಾಹರಲಾಲ್ ನೆಹರು ಮಾರ್ಗದ 15ನೇ ಮೈಲಿನ ಬಳಿ ಹಗಲಿನಲ್ಲೇ ಹಿಮ ಕುಸಿದು ಏಳು ಪ್ರವಾಸಿಗರು ಸತ್ತರು. ಅಂದು ಪ್ರವಾಸಿಗರಿಗೆ ಅನುಮತಿ ಇದ್ದದ್ದು 13ನೇ ಮೈಲಿನವರೆಗೆ ಮಾತ್ರ.

ಕೈಗೆ, ಕಾಲಿಗೆ ಸಿಗುವ ಸುಳಿವು

ಸ್ಥಳದಲ್ಲಿ ನಿಂತು ಪರೀಕ್ಷಿಸುವುದು ಹೇಗೆ? ವಸಂತದಲ್ಲಿ ಅತ್ಯಂತ ಸರಳ ಉಪಕರಣ ಬೂಟು. ಬೆಳಿಗ್ಗೆ ಹೆಜ್ಜೆಯಿಟ್ಟಾಗ ಮೇಲ್ಮೈ ಭಾರ ತಾಳಿ, ಗುರುತಷ್ಟೇ ಮೂಡಿದರೆ ರಾತ್ರಿಯ ಹೆಪ್ಪು ಚೆನ್ನಾಗಿದೆ. ಬೂಟು ಪಾದದ ಗಂಟಿನವರೆಗೆ ಹೂತರೆ ಆ ಇಳಿಜಾರಿನ ಗಡುವು ಮುಗಿಯುತ್ತ ಬಂದಿದೆ. ಮೊಣಕಾಲಿನವರೆಗೆ ಒದ್ದೆಹಿಮದಲ್ಲಿ ಇಳಿದರೆ ಕಡಿದಾದ ಜಾಗದಲ್ಲಿ ನೀವು ಇರಲೇಬಾರದಿತ್ತು.

ಎರಡನೆಯದು ಅಂಗೈ. ಗ್ಲೌಸ್ ತೊಟ್ಟ ಕೈಯಲ್ಲಿ ಒಂದು ಹಿಡಿ ಹಿಮ ತೆಗೆದು ಹಿಂಡಿ. ಉಂಡೆಯಾಗದೆ ಪುಡಿಯಾಗಿ ಉದುರಿದರೆ ಒಣಹಿಮ. ಉಂಡೆ ಕಟ್ಟಿದರೆ ತೇವ ಬಂದಿದೆ. ಹಿಂಡಿದಾಗ ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿದರೆ ಅತಿ ಒದ್ದೆ. ಬರೀ ಮೇಲ್ಮೈಯಲ್ಲಿ ಮಾಡಿದರೆ ಸಾಲದು. ಒಂದಡಿ, ಎರಡಡಿ ಆಳದಿಂದಲೂ ತೆಗೆದು ನೋಡಬೇಕು. ನೀರು ಎಲ್ಲಿಯವರೆಗೆ ಇಳಿದಿದೆ ಎಂಬುದೇ ಪ್ರಶ್ನೆ.

ಒಣಹಿಮದ ಉತ್ತರ ಮಗ್ಗುಲಿಗೆ ಗುಂಡಿ ತೋಡುವ ಪರೀಕ್ಷೆ. ಸಲಿಕೆಯಿಂದ ಒಂದು ಮೀಟರಿಗೂ ಹೆಚ್ಚು ಆಳ ಅಗೆದು, ಮೇಲ್ಬದಿಯ ಗೋಡೆಯನ್ನು ನುಣುಪಾಗಿ ಸವರುತ್ತಾರೆ. ಆಗ ಪದರಗಳು ಅಂಚು ಅಂಚಾಗಿ ಕಾಣುತ್ತವೆ. ಪ್ರತಿ ಪದರದ ಗಟ್ಟಿತನ ತಿಳಿಯಲು ಕ್ರಮವಾಗಿ ಮುಷ್ಟಿ, ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಚಾಕು ಒತ್ತುತ್ತಾರೆ. ಪೆನ್ಸಿಲ್ ಮಾತ್ರ ಇಳಿಯುವ ಗಟ್ಟಿ ಪದರದ ಕೆಳಗೆ ಮುಷ್ಟಿ ಸಲೀಸಾಗಿ ಹೊಗುವ ಪದರವಿದ್ದರೆ ಅನುಮಾನ ಶುರು.

ಆಮೇಲೆ ಗೋಡೆಯಿಂದ 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಒಳಕ್ಕೆ ಚೌಕಾಕಾರದ ಕಂಬವೊಂದನ್ನು ಗರಗಸದಿಂದ ಬಿಡಿಸಿ ನಿಲ್ಲಿಸುತ್ತಾರೆ. ಅದರ ತಲೆಯ ಮೇಲೆ ಸಲಿಕೆಯ ಅಲಗನ್ನಿಟ್ಟು ಹತ್ತು ಸಲ ಮಣಿಕಟ್ಟಿನಿಂದ, ಹತ್ತು ಸಲ ಮೊಣಕೈಯಿಂದ, ಹತ್ತು ಸಲ ಭುಜದಿಂದ ತಟ್ಟುತ್ತಾರೆ. ನಾಲ್ಕೈದು ಮೆಲುತಟ್ಟಿಗೇ ಕಂಬ ನಡುವೆ ಕತ್ತರಿಸಿದಂತೆ ತುಂಡಾಗಿ, ಮೇಲಿನ ಭಾಗ ನುಣ್ಣಗೆ ಮುಂದಕ್ಕೆ ಜಾರಿತೆಂದರೆ ಗಂಟುಮೂಟೆ ಕಟ್ಟುವುದೇ ಸರಿ. ಮೂವತ್ತು ತಟ್ಟಿಗೂ ಕದಲದಿದ್ದರೆ? ಆ ಒಂದು ಗುಂಡಿಯ ಜಾಗದ ಮಟ್ಟಿಗೆ ಸಮಾಧಾನ, ಅಷ್ಟೇ. ಐವತ್ತು ಅಡಿ ಆಚೆ ಪದರ ಬೇರೆಯೇ ಇರಬಹುದು. ಈ ಪರೀಕ್ಷೆ ಒದ್ದೆಹಿಮದಲ್ಲಿ ನಂಬಿಕೆಗೆ ಅರ್ಹವೂ ಅಲ್ಲ. ಬಲ್ಲವರು ಇದನ್ನು ‘ಹೋಗಬೇಡ’ ಎನ್ನಲು ಬಳಸುತ್ತಾರೆಯೇ ಹೊರತು ‘ಹೋಗು’ ಎನ್ನಲು ಅಲ್ಲ.

ಗುಂಡಿ ತೋಡದೆಯೇ ಕಾಣುವ, ಕೇಳುವ ಲಕ್ಷಣಗಳಿಗೇ ಹೆಚ್ಚು ಬೆಲೆ. ಹತ್ತಿರದ ಇಳಿಜಾರಿನಲ್ಲಿ ಈಗಷ್ಟೇ ಕುಸಿದ ಗುರುತಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕಾಲಿಟ್ಟಾಗ ಅಡಿಯಲ್ಲಿ ‘ಧುಮ್’ ಎಂದು ಸದ್ದಾಗಿ ನೆಲ ತುಸು ಕುಸಿದಂತಾದರೆ ದುರ್ಬಲ ಪದರ ಮುರಿದಿದೆ. ಪಾದದಿಂದ ಬಿರುಕು ಸರ್ರನೆ ಮುಂದೋಡಿದರೆ ಚಪ್ಪಡಿ ಸಿದ್ಧವಾಗಿದೆ. ಬಂಡೆಗಳ ಬುಡದಿಂದ ಹಿಮದುಂಡೆಗಳು ತಾವಾಗಿಯೇ ಉರುಳುರುಳಿ ದಪ್ಪವಾಗುತ್ತಿದ್ದರೆ ಮೇಲ್ಮೈ ಬಿಟ್ಟುಕೊಡುತ್ತಿದೆ. 24 ಗಂಟೆಗಳಲ್ಲಿ ಒಂದಡಿಯಷ್ಟು ಹೊಸ ಹಿಮ, ಜೋರು ಗಾಳಿ, ಹಿಮದ ಮೇಲೆ ಮಳೆ, ಇದ್ದಕ್ಕಿದ್ದಂತೆ ಏರಿದ ಸೆಖೆ: ಇವುಗಳಲ್ಲಿ ಯಾವುದು ಬಂದರೂ ಅಂದಿನ ಯೋಜನೆ ಬದಲಿಸಬೇಕು.

ಮುನ್ಸೂಚನೆ ಓದುವ ಬಗೆ

ಮಾಣಾ ದುರಂತದ ಮುನ್ನಾದಿನ ಎಚ್ಚರಿಸಿದ್ದು ಡಿಆರ್‌ಡಿಒ ಅಡಿಯ ಡಿಫೆನ್ಸ್ ಜಿಯೋಇನ್ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್, ಅಂದರೆ ಡಿಜಿಆರ್‌ಇ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಅಧ್ಯಯನ ಸಂಸ್ಥೆ ‘ಸಾಸೆ’ಯನ್ನು ಇನ್ನೊಂದು ಪ್ರಯೋಗಾಲಯದೊಂದಿಗೆ ವಿಲೀನಗೊಳಿಸಿ 2020ರಲ್ಲಿ ಇದನ್ನು ರೂಪಿಸಲಾಯಿತು. ಮೊದಲಿಗೆ ಸೇನೆಯ ಅಗತ್ಯಕ್ಕೆ ಹುಟ್ಟಿದ ಮುನ್ಸೂಚನೆ ಇಂದು ರಾಜ್ಯಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳ ಮೂಲಕ ಜನರಿಗೂ ಸಿಗುತ್ತಿದೆ. ಯಾವ ಜಿಲ್ಲೆ, ಎಷ್ಟು ಮೀಟರ್ ಎತ್ತರದ ಮೇಲೆ, ಯಾವ ಮಟ್ಟದ ಅಪಾಯ ಎಂಬ ಮೂರು ಸಂಗತಿ ಅದರಲ್ಲಿರುತ್ತವೆ.

ಅಂತರರಾಷ್ಟ್ರೀಯ ರೂಢಿಯಲ್ಲಿ ಅಪಾಯದ ಮಟ್ಟ ಐದು. ನಾಲ್ಕು, ಐದನ್ನು ನೋಡಿದರೆ ಯಾರೂ ಹೊರಡುವುದಿಲ್ಲ. ಯುರೋಪಿನ ಅನುಭವದಲ್ಲಿ ಹೆಚ್ಚು ಜನ ಸಾಯುವುದು ನಡುವಿನ ಮೂರನೇ ಮಟ್ಟದ ದಿನಗಳಲ್ಲಿ. ‘ಮೂರು’ ಎಂದರೆ ಐದರಲ್ಲಿ ಅರ್ಧ, ನಡೆದೀತು ಎಂದು ಓದಿಕೊಳ್ಳುತ್ತೇವೆ. ಆದರೆ ಈ ಮಟ್ಟಗಳ ನಡುವಿನ ಅಂತರ ಸಮನಾದದ್ದಲ್ಲ. ಒಂದೊಂದು ಮೆಟ್ಟಿಲಿಗೂ ಅಪಾಯ ಮಡಿಮಡಿಯಾಗಿ ಏರುತ್ತದೆ. ವಸಂತದಲ್ಲಂತೂ ಬೆಳಗಿನ ಮಟ್ಟ ಒಂದು, ಮಧ್ಯಾಹ್ನದ್ದು ಇನ್ನೊಂದು.

ರಜೆ ಮುಗಿಯುತ್ತದೆ, ಟಿಕೆಟ್ ಆಗಿದೆ

ಇಷ್ಟೆಲ್ಲ ತಿಳಿದವರೂ ಸಾಯುತ್ತಾರೆ. ಅಮೆರಿಕದ ಸಂಶೋಧಕ ಇಯಾನ್ ಮೆಕ್‌ಕ್ಯಾಮನ್ ಅಲ್ಲಿನ ಏಳುನೂರಕ್ಕೂ ಹೆಚ್ಚು ಹಿಮಕುಸಿತ ಅಪಘಾತಗಳನ್ನು ಅಭ್ಯಸಿಸಿದಾಗ ಕಂಡದ್ದು ಜ್ಞಾನದ ಕೊರತೆಗಿಂತ ಮನಸ್ಸಿನ ಅಡ್ಡದಾರಿಗಳು. ಹಿಂದೆ ಬಂದಿದ್ದೇವೆ, ಏನೂ ಆಗಲಿಲ್ಲ. ಮುಂದಿನವರು ಹೋಗುತ್ತಿದ್ದಾರೆ. ಲೀಡರ್‌ಗೆ ಗೊತ್ತಿರುತ್ತದೆ ಬಿಡಿ. ಇಷ್ಟು ದೂರ ಬಂದು ವಾಪಸಾಗುವುದೇ?

ಕೊನೆಯ ಮಾತು ನಮ್ಮವರಿಗೆ ಚೆನ್ನಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಚಾರಣಿಗ ಕೇದಾರಕಂಠಕ್ಕೋ ಬ್ರಹ್ಮತಾಲ್‌ಗೋ ಹೊರಡುವುದು ಒಂದು ವಾರದ ರಜೆ ಹಾಕಿ, ವಿಮಾನದ ಟಿಕೆಟ್ ಮುಂಗಡ ಮಾಡಿಸಿ. ವಾಪಸಾಗುವ ದಿನ ಗೊತ್ತಾಗಿರುತ್ತದೆ, ಶಿಖರದ ದಿನವೂ ಗೊತ್ತಾಗಿರುತ್ತದೆ. ಹವೆ ಕೆಟ್ಟರೆ ಒಂದು ದಿನ ಕಾಯಲು ಜಾಗವೇ ಇಲ್ಲ. ಸೆಖೆಯ ದಿನ ಬೆಳಗಿನ ಜಾವ ಮೂರಕ್ಕೆ ಹೊರಡಬೇಕು ಎಂದರೆ ಚಳಿ ಎಂಬ ಗೊಣಗಾಟ. ತಂಡದ ಒಬ್ಬರು ತಡ ಮಾಡಿದರೆ ಎಲ್ಲರಿಗೂ ತಡ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡದ್ದು ಹಿಮಕುಸಿತದಿಂದಲ್ಲ, ಹಿಮಗಾಳಿ ಮತ್ತು ಚಳಿಯಿಂದ. ಬೆಟ್ಟದ ಹವೆ ನಮ್ಮ ವೇಳಾಪಟ್ಟಿಯನ್ನು ಕೇಳುವುದಿಲ್ಲ ಎಂಬುದಕ್ಕೆ ಅದೊಂದೇ ಸಾಕು.

ಹೂತವರಿಗೆ ಉಳಿದ ನಿಮಿಷಗಳು

ಹಿಮಕುಸಿತ ಎಂದರೆ ಕನ್ನಡಿಗರಿಗೆ ನೆನಪಾಗುವುದು ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆ ಹಿಮದಡಿ ಹೂತಾಗ ಅಲ್ಲಿದ್ದವರು ಹತ್ತು ಯೋಧರು. ಆರನೇ ದಿನ ಹನುಮಂತಪ್ಪ ಜೀವಂತ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನಾಡೇ ಪ್ರಾರ್ಥಿಸಿದ ಆ ಘಟನೆ ವೈದ್ಯರಿಗೂ ಅಚ್ಚರಿ. ಅದನ್ನು ನಿಯಮವೆಂದು ತಿಳಿಯಬಾರದು.

ನಿಯಮ ಇದು: ಪೂರ್ತಿ ಹೂತವರನ್ನು ಹತ್ತು–ಹದಿನೈದು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಮೂರರಲ್ಲಿ ಒಬ್ಬರು. ಉಸಿರುಗಟ್ಟುವುದೇ ಮುಖ್ಯ ಕಾರಣ. ಹೆಲಿಕಾಪ್ಟರ್ ಬರುವ ಹೊತ್ತಿಗೆ ಆ ಗಡುವು ಮುಗಿದಿರುತ್ತದೆ, ಆದ್ದರಿಂದ ಉಳಿಸಬೇಕಾದವರು ಜೊತೆಗಾರರೇ. ಅದಕ್ಕೆ ಬೇಕಾದದ್ದು ಮೂರು ಸಾಮಗ್ರಿ: 457 ಕಿಲೋಹರ್ಟ್ಸ್ ಆವರ್ತನದಲ್ಲಿ ಸಂಕೇತ ಕೊಡುವ ಟ್ರಾನ್ಸೀವರ್, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಪ್ರೋಬ್, ಲೋಹದ ಸಲಿಕೆ. ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಿ ಅಭ್ಯಾಸವೂ ಆಗಿರಬೇಕು. ಅನುಮಾನದ ಇಳಿಜಾರನ್ನು ದಾಟಲೇಬೇಕಾದಾಗ ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಭದ್ರ ಜಾಗದಲ್ಲಿ ನಿಂತು ಕಣ್ಣಿಟ್ಟಿರಬೇಕು. ಫೋಟೊಗಾಗಿ ಸಾಲಾಗಿ ನಿಲ್ಲುವ ಗುಂಪು ಇದಕ್ಕೆ ತದ್ವಿರುದ್ಧ.

ಮಾರ್ಚ್‌ನಲ್ಲಿ ಹಿಮಚಾರಣಕ್ಕೆ ಹೊರಡುವವರು ಹಣ ಕಟ್ಟುವ ಮುನ್ನ ಆಯೋಜಕರಿಗೆ ಐದು ಪ್ರಶ್ನೆ ಕೇಳಿ. ಡಿಜಿಆರ್‌ಇ ಮುನ್ಸೂಚನೆಯನ್ನು ಪ್ರತಿದಿನ ಯಾರು ನೋಡುತ್ತಾರೆ? ಹಾದಿಯಲ್ಲಿ 30 ಡಿಗ್ರಿ ಮೀರಿದ ಇಳಿಜಾರುಗಳು ಎಲ್ಲಿವೆ, ಯಾವ ಹೊತ್ತಿಗೆ ದಾಟುತ್ತೀರಿ? ಗೈಡ್ ಹಿಮಕುಸಿತದ ತರಬೇತಿ ಪಡೆದವರೇ? ಪ್ರೋಬ್, ಸಲಿಕೆ, ಟ್ರಾನ್ಸೀವರ್ ಇವೆಯೇ? ಹವೆ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇಟ್ಟಿದ್ದೀರಾ, ಅರ್ಧಕ್ಕೆ ವಾಪಸಾಗುವ ತೀರ್ಮಾನ ಯಾರದು? ಇವಕ್ಕೆ ನೇರ ಉತ್ತರ ಸಿಗದಿದ್ದರೆ ಬೇರೆ ತಂಡ ನೋಡಿಕೊಳ್ಳಿ. ಉತ್ತರ ಸಿಕ್ಕಿ ಹೊರಟಮೇಲೆ ಗೈಡ್ ‘ಇವತ್ತು ಬೇಡ’ ಎಂದರೆ, ಎದುರಾಡದೆ ಕೆಳಗಿಳಿಯಿರಿ.